ಹಿತ್ತಲಿನ ವಹಿವಾಟು

ಇವತ್ತು ಬೆಳಿಗ್ಗೆ ಹಿತ್ತಲ ಬಾಗಿಲಿನ ಅಗಳಿಗೆ ಎಣ್ಣೆ ಹಾಕಿದೆ. ಮಳೆಗಾಲ ಬಂತೆಂದರೆ ಕಟ್ಟಿಗೆ ಉಬ್ಬಿ ಅದು ಹಟ ಹಿಡಿಯುತ್ತದೆ. ಬೆರಳಿಗೆ ಹತ್ತಿದ ಕೊಬ್ಬರಿ ಎಣ್ಣೆಯ ವಾಸನೆಗೆ ಖಾನಾಪುರದ ಒಬ್ಬ ವಕೀಲರ ನೆನಪಾಯಿತು. ಎಣ್ಣೆಗೂ ವಕೀಲರಿಗೂ ಏನು ಸಂಬಂಧ ಎಂದು ಕೇಳುತ್ತೀರಿ. ಹೇಳುತ್ತೇನೆ, ಕೂತುಕೊಳ್ಳಿ. ನನ್ನ ಮೊಣಕಾಲಿಗೂ ಕೂರುವುದು ಬೇಕಾಗಿದೆ.

ಎರಡು ಸಾವಿರದ ಇಸವಿಯ ಆಸುಪಾಸು. ಬೆಳಗಾವಿಯ ಹಿಂದವಾಡಿಯಲ್ಲಿ ಬಾಡಿಗೆಗಿದ್ದೆವು. ಅದು ಎಷ್ಟನೆಯ ಮನೆ ಎಂದು ಲೆಕ್ಕ ಇಡುವುದನ್ನು ಬಿಟ್ಟಿದ್ದೆ. ಪ್ರತಿ ಸಲ ಮನೆ ಬಿಡುವಾಗ ಮೊದಲು ಕಟ್ಟುತ್ತಿದ್ದುದು ದೇವರ ಡಬ್ಬಿ. ಹೊಸ ಮನೆಯಲ್ಲಿ ಕೊನೆಗೆ ಬಿಚ್ಚುತ್ತಿದ್ದುದೂ ಅದನ್ನೇ, ಎಲ್ಲಿ ಇಡಬೇಕೆಂಬುದೇ ತಿಳಿಯುತ್ತಿರಲಿಲ್ಲ. ಹಿಂದವಾಡಿಯಲ್ಲಿ ನನ್ನ ಶಿವ ಗೋದಿ ಹಿಟ್ಟಿನ ಡಬ್ಬಿಯ ಬಾಜು ಕೂತಿದ್ದ. ನಾನು ಬೇಡುತ್ತಿದ್ದುದು ಒಂದೇ: ಈಶಾನ್ಯದಲ್ಲಿ ಅವನಿಗೊಂದು ಕೋಣೆ, ನಮಗೆ ಯಾರೂ ಏಳಿ ಎನ್ನದ ಜಾಗ.

ನಮ್ಮ ಮನೆಯವರಿಗೆ ಖಾನಾಪುರಕ್ಕೆ ವರ್ಗವಾಯಿತು. ಅಲ್ಲೊಂದು ಹಳೆಯ ಹಂಚಿನ ಮನೆ ಮಾರಾಟಕ್ಕಿತ್ತು. ಯಜಮಾನಿ ಒಬ್ಬ ಮರಾಠಿ ವಿಧವೆ, ಎಲ್ಲರೂ ಅವರನ್ನು ಕಾಕು ಎನ್ನುತ್ತಿದ್ದರು. ಹಿತ್ತಲ ಈಶಾನ್ಯ ಮೂಲೆ ಖಾಲಿ ಇತ್ತು. ಚಹಾ ಕುಡಿಯುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಅಲ್ಲಿ ದೇವರ ಕೋಣೆ ಕಟ್ಟಿ, ಗಂಟೆಯನ್ನೂ ತೂಗುಹಾಕಿದ್ದೆ.

ಕಾಕು ಮುಚ್ಚಿಡಲಿಲ್ಲ. "ಹಿತ್ತಲಾಗ ಪಾರ್ವತಕ್ಕನ ವಹಿವಾಟ ಐತ್ರಿ. ಮೊದಲ ಹೇಳತೇನಿ, ಆಮ್ಯಾಲ ಮಾತ ಬ್ಯಾಡ" ಎಂದರು. ಪಾರ್ವತಕ್ಕ ಬಾಜು ಮನೆಯಾಕೆ, ಎಮ್ಮೆ ಸಾಕಿದವಳು.

"ನಿಮ್ಮ ವಹಿವಾಟ ಏನೈತಿ, ನೀವು ಮುಗಿಸಿಕೊಂಡ ಬಿಡ್ರಿ" ಎಂದರು ನಮ್ಮ ಮನೆಯವರು.

"ಅದು ಮುಗಿಯೂದಲ್ರಿ" ಎಂದರು ಕಾಕು. ಹಾಲಿನ ಬಾಕಿಯೋ ಕೈಗಡವೋ ಇರಬೇಕು, ನಮಗೇಕೆ ಎಂದು ನಾವು ಸುಮ್ಮನಾದೆವು. ನಾವು ಬೈಲಹೊಂಗಲ ಕಡೆಯವರು. ನನ್ನ ಮರಾಠಿ ಸಂತೆಯ ಕೊತ್ತಂಬರಿ ಸೂಡಿನ ಆಚೆ ಹೋಗುತ್ತಿರಲಿಲ್ಲ.

ಕಾಗದ ನೋಡಲು ವಕೀಲರು ಬೇಕಲ್ಲ. ಬೆಳಗಾವಿಯಲ್ಲಿ ನಾನೇ ಒಬ್ಬರನ್ನು ಆರಿಸಿದೆ. ಅವರ ಹಣೆತುಂಬ ವಿಭೂತಿ ಇತ್ತು.

"ಹಣಿ ನೋಡಿ ವಕೀಲನ್ನ ಹಿಡೀತಾರೇನ?" ಎಂದು ನಮ್ಮ ಮನೆಯವರು ನಕ್ಕರು.

"ಮತ್ತೇನ ನೋಡಲಿ? ಕಾಯದೆ ನನಗ ತಿಳಿಯೂದಿಲ್ಲ. ವಿಭೂತಿ ತಿಳೀತೈತಿ" ಎಂದೆ.

ಆ ವಕೀಲರು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದರಿಂದ ಹಳೆಯ ಮರಾಠಿ ಪತ್ರ ಮಗುಚಿದರು. "ಏನೋ ಹಳೇ ವಹಿವಾಟ ಬರದಾರ. ಅವೆಲ್ಲಾ ಮುಗದ್ಹೋಗಿರ್ತಾವ. ಎಲ್ಲಾ ಕ್ಲಿಯರ್ ಐತಿ ತಂಗಿ. ಖರೀದಿ ಪತ್ರ ಖಾನಾಪುರದಾಗ ಯಾರ ಕಡೆಯಿಂದಾದ್ರೂ ಬರಸಿಕೊಳ್ರಿ" ಎಂದರು. ನಾನು ಹೊರಗೆ ಬಂದು ಶಿವನಿಗೆ ಕೈಮುಗಿದೆ.

ಖಾನಾಪುರದಲ್ಲಿ ಕಾಕು, "ನಮ್ಮ ವಕೀಲರ ಇದ್ದಾರಲ್ರಿ, ಇಬ್ಬರಿಗೂ ಒಬ್ಬರ ಸಾಕು" ಎಂದರು. ನಮ್ಮ ಮನೆಯವರು ಹೂಂ ಎಂದು ತಲೆಯಾಡಿಸಿದರು. ನಾನು ಬೇಡವೆಂದೆ. ಬಾಡಿಗೆ ಮನೆ ತೋರಿಸುವ ದಲಾಲರನ್ನು ಸಾಕಷ್ಟು ಕಂಡಿದ್ದೆ. ಇಬ್ಬರ ಪರವಾಗಿ ಮಾತಾಡುತ್ತೇನೆ ಎಂದವನು ಕೊನೆಗೆ ಮಾತಾಡುವುದು ಮಾಲಕನ ಪರವಾಗಿಯೇ.

ಹಾಗೆ ಸಿಕ್ಕವರು ಬಸ್ ಸ್ಟ್ಯಾಂಡಿನ ಹತ್ತಿರ, ಹಿಟ್ಟಿನ ಗಿರಣಿಯ ಅಟ್ಟದ ಮೇಲೆ ಕೂರುತ್ತಿದ್ದ ಹೆಣ್ಣುಮಗಳು. ಊರವರು ವಕೀಲ ಬಾಯಾರು ಎನ್ನುತ್ತಿದ್ದರು. ಹಣೆಯಲ್ಲಿ ವಿಭೂತಿ ಇರಲಿಲ್ಲ, ಮೂಗಿನಲ್ಲಿ ನೆಗಡಿ ಇತ್ತು. ಮೇಜಿನ ಮೇಲೆಲ್ಲ ಹಿಟ್ಟಿನ ಧೂಳು. ತುಟಿ ಅಲುಗಿಸುತ್ತ ಒಂದೊಂದೇ ಸಾಲು ಓದಿದರು. ನಾನು ಗೋಡೆಗೆ ತಲೆ ಆನಿಸಿ ಕೂತೆ.

"ಕ್ಲಿಯರ್ ಐತಲ್ರಿ ಬಾಯಾರ?" ಎಂದರು ನಮ್ಮ ಮನೆಯವರು.

"ಗೊತ್ತಿಲ್ಲ."

"ಮತ್ತ ಯಾವಾಗ ಗೊತ್ತಾಕ್ಕೈತ್ರಿ?"

"ಹಿತ್ತಲ ಬಾಗಲಾ ತಗದ ನೋಡಿದ ಮ್ಯಾಲ. ಬಾವಿ ಐತೇನು? ಬಾವಿಗೆ ಯಾರ ಬರ್ತಾರ?"

ಹಿತ್ತಲನ್ನು ನಾವು ಕಿಟಕಿಯಿಂದಷ್ಟೇ ನೋಡಿದ್ದೆವು. ಬಾಯಾರು ಪತ್ರದ ಒಂದು ಪದದ ಮೇಲೆ ಬೆರಳಿಟ್ಟರು. "ಕನ್ನಡದಾಗ ವಹಿವಾಟು ಅಂದ್ರ ವ್ಯವಹಾರ. ಇದು ಮರಾಠಿ ಕಾಗದ್ರಿ. ಇಲ್ಲಿ ವಹಿವಾಟ ಅಂದ್ರ ಓಡಾಡೂ ಹಕ್ಕ. ಬಾಜೂ ಮನಿಯವರು ಬಾವಿಗೆ ಹೋಗಿ ಬರೂ ಹಾದಿ. ಈಶಾನ್ಯ ಮೂಲ್ಯಾಗಿಂದ."

ನನ್ನ ದೇವರ ಕೋಣೆಯ ನಟ್ಟನಡುವೆ ಎಮ್ಮೆ ನಡೆದುಹೋದಂತಾಯಿತು.

"ತಗೋಬ್ಯಾಡ್ರಿ ಅನ್ನೂದಿಲ್ಲ. ಗೊತ್ತಿದ್ದ ತಗೋರಿ" ಎಂದರು ಬಾಯಾರು. "ಗೊತ್ತಿಲ್ದ ಅಲ್ಲಿ ಗ್ವಾಡಿ ಕಟ್ಟಿದ್ರ, ನೀವೂ ಅವರೂ ಕೂಡೇ ಕೋರ್ಟಿನ್ಯಾಗ ಮುದುಕರಾಗ್ತೀರಿ."

ಅಂದೇ ಅವರನ್ನು ಕರೆದುಕೊಂಡು ಹೋದೆವು. ಹಿತ್ತಲ ಅಗಳಿ ಜಗ್ಗಿದರೂ ಬಾರದು. ಬಾಯಾರು ಅಡಿಗೆಮನೆಯಿಂದ ಎಣ್ಣೆ ಬಟ್ಟಲು ತರಿಸಿ ತಾವೇ ಹಚ್ಚಿ ತೆಗೆದರು. ಆಚೆಗೆ ಪಾರ್ವತಕ್ಕ ಎಮ್ಮೆಗಳಿಗೆ ನೀರು ಸೇದುತ್ತಿದ್ದಳು.

"ಯಾರ್ರಿ ಇವರು? ಕೊಳ್ಳಾವ್ರಾ?" ಎಂದಳು. "ಹಾದಿ ಮುಚ್ಚೂದಿದ್ರ ಈಗ ಹೇಳ್ರಿ. ನಳದ ನೀರ ನೆಚ್ಚಿ ಎಮ್ಮಿ ಸಾಕಾಕ ಆಗೂದಿಲ್ಲ. ಇವನ್ನ ಮಾರಿಬಿಡತೇನಿ."

"ಮಾರಬ್ಯಾಡವಾ" ಎಂದೆ. ನನ್ನ ದೊಡ್ಡ ಮನಸ್ಸು ಎಂದುಕೊಳ್ಳಬೇಡಿ. ಮತ್ತೊಂದು ಮನೆ ಹುಡುಕುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಬಾಯಾರು ನಮ್ಮ ಖರೀದಿ ಪತ್ರದಲ್ಲಿ ಆ ಪದವನ್ನೇ ಬಿಟ್ಟು, 'ಬಾವಿಗೆ ಹೋಗಿ ಬರುವ ಹಾದಿ' ಎಂದು ಬಿಡಿಸಿ ಬರೆಸಿದರು.

ಈಶಾನ್ಯದಲ್ಲಿ ಕೋಣೆ ಆಗಲಿಲ್ಲ. ಶಿವ ಇಲ್ಲಿಯೂ ಅಡಿಗೆಮನೆಯಲ್ಲಿ, ಹಿಟ್ಟಿನ ಡಬ್ಬಿಯ ಬಾಜುವೇ ಕೂತ. ಆದರೆ ಇಷ್ಟು ವರ್ಷ ಅವನಿಗೆ ಯಾರೂ ಏಳು ಎನ್ನಲಿಲ್ಲ. ನೀರಿಗೆ ಬಂದಾಗ ಪಾರ್ವತಕ್ಕ ಕಿಟಕಿಯಲ್ಲಿ ಬಿಲ್ವಪತ್ರಿ ಇಟ್ಟುಹೋಗುತ್ತಾಳೆ, ನಾನು ಕೇಳಿದ್ದಲ್ಲ. ಇಂಥವನ್ನು ಎಣಿಸಿಕೊಂಡೇ ದಿನ ದೂಡಿದ್ದೇನೆ.

ಈಗ ಈ ಮನೆಯ ಮೆಟ್ಟಿಲು ನನ್ನ ಮೊಣಕಾಲಿಗೆ ಆಗುತ್ತಿಲ್ಲ. ಮಾರಲು ಹೊರಟಿದ್ದೇವೆ. ಹಾದಿ ಇದೆ ಎಂದ ಕೂಡಲೇ ಹಿಂದಿನ ಗಿರಾಕಿ ತಿರುಗಿ ಬರಲಿಲ್ಲ. ಇವತ್ತು ಬೆಳಗಾವಿಯ ರಾಮತೀರ್ಥ ನಗರದಿಂದ ಹೊಸದಾಗಿ ಮದುವೆಯಾದ ಜೋಡಿ ಬಂದಿತ್ತು. "ಬಾಯಿಮಾತಿನ್ಯಾಗ ಏನೂ ಹೇಳಬ್ಯಾಡ. ಕಾಗದದಾಗ ಐತಿ, ಓದಿಕೋತಾರ" ಎಂದು ನಮ್ಮ ಮನೆಯವರು ಮೊದಲೇ ಹೇಳಿದ್ದರು. ಅವರಿಗೂ ದಣಿವಾಗಿದೆ.

"ನಮ್ಮ ವಕೀಲರು ಎಲ್ಲಾ ಕ್ಲಿಯರ್ ಐತಿ ಅಂದಾರ್ರಿ ಅತ್ತಿ" ಎಂದಳು ಹುಡುಗಿ. ಅವಳ ಕಣ್ಣು ಕಿಟಕಿಯಾಚೆ, ಹಿತ್ತಲ ಖಾಲಿ ಮೂಲೆಯಲ್ಲಿತ್ತು. ಅಲ್ಲಿ ಅವಳು ಮನಸ್ಸಿನಲ್ಲೇ ಏನು ಕಟ್ಟುತ್ತಿದ್ದಾಳೆಂದು ನಾನು ಕೇಳಲಿಲ್ಲ.

"ಬಾವಿಗೆ ಯಾರ ಬರ್ತಾರ ಅಂತ ಕೇಳಿದ್ರೇನವಾ ಅವರು?" ಎಂದೆ.

"ಇಲ್ರಿ."

"ಬಾ ಇಲ್ಲೆ, ನೋಡು" ಎಂದು ಎದ್ದು ಹೋಗಿ ಹಿತ್ತಲ ಬಾಗಿಲಿನ ಅಗಳಿ ಸರಿಸಿದೆ. ಸದ್ದಿಲ್ಲದೆ ತೆರೆಯಿತು.