ನನ್ನ ತಂಗಿಗೆ ಬೆವರು ನಿಂತ ದಿನ

ಅದು ಸಾವಿರದ ಒಂಬೈನೂರ ನಲವತ್ತೊಂದರ ಬೇಸಿಗೆ. ನಾನು ಜಗಳೂರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಅಪ್ಪ ತೀರಿಹೋಗಿದ್ದರು. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಕೆರೆಬಿಳಚಿಗೆ ಕೊಟ್ಟಿದ್ದ ತಂಗಿ ಗಿರಿಜೆ ಚೊಚ್ಚಲ ಹೆರಿಗೆಗೆ ಬಂದಿದ್ದಳು.

ಗಿರಿಜೆ ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು. ಆದರೆ ನಾನು ಪಾಠ ತಯಾರು ಮಾಡುವಾಗ ಎದುರಿಗೆ ಕೂತು ಕೇಳುತ್ತಿದ್ದಳು. ಆ ವರ್ಷ ಶರೀರಶಾಸ್ತ್ರದ ಪಾಠವಿತ್ತು. ಹೊರಗೆ ಎಷ್ಟೇ ಬಿಸಿಲಿರಲಿ, ಚಳಿಯಿರಲಿ, ಮೈಯೊಳಗಿನ ಬಿಸಿ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ; ಬಿಸಿ ಹೆಚ್ಚಾದರೆ ಬೆವರು ಬರುತ್ತದೆ, ಬೆವರು ಆರುವಾಗ ಮೈ ತಂಪಾಗುತ್ತದೆ; ಬೆವರಿಗೆ ನೀರು ಬೇಕು, ಅದಕ್ಕೇ ಬಾಯಾರಿಕೆ ಎಂದು ಓದಿ ಹೇಳಿದ್ದೆ. "ಅಂದ್ರೆ ಬಾಯಾರಿಕೆ ಅನ್ನೋದು ಮೈ ಕೇಳೋ ಮಾತು ಅನ್ನು," ಎಂದು ನಕ್ಕಿದ್ದಳು.

ಒಂದು ಸೋಮವಾರ ಬೆಳಗ್ಗೆ ಹೆರಿಗೆ ಸುಸೂತ್ರವಾಗಿ ಆಯಿತು. ಹೆಣ್ಣು ಮಗು. ಸೂಲಗಿತ್ತಿ ನಾಗಜ್ಜಿ ಹೇಳಿದಂತೆ ಅವ್ವ ನಡುಕೋಣೆಯ ಬಾಗಿಲು ಹಾಕಿ, ಮಂಚದ ಕೆಳಗೆ ಕೆಂಡದ ಬೋಗುಣಿ ಇಟ್ಟು, ತಂಗಿಗೆ ಎರಡು ಕಂಬಳಿ ಹೊದಿಸಿದಳು. ಕಿವಿಗೆ ಬಟ್ಟೆ ಕಟ್ಟಿದಳು. ಊಟಕ್ಕೆ ಮೆಣಸು ಬೆಳ್ಳುಳ್ಳಿ ಹಾಕಿದ ಒಣ ಅನ್ನ. ನೀರು ಮಾತ್ರ ಐದು ದಿನ ಇಲ್ಲ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಹಾಗೇ ಮಾಡುತ್ತಿದ್ದರು. ಗಂಡಸರು ಆ ಕೋಣೆಗೆ ಹೋಗುವಂತಿರಲಿಲ್ಲ.

ಮಂಗಳವಾರ ಜಗಲಿಯಲ್ಲಿ ಕೂತರೂ ನೆತ್ತಿ ಕಾಯುವಷ್ಟು ಝಳ. ಬಾಗಿಲ ಆಚೆಯಿಂದ ಗಿರಿಜೆ ಕರೆದಳು. "ಅಣ್ಣಾ, ಒಂದು ಗುಟುಕು ನೀರು ಕೊಡಾಕೆ ಹೇಳೋ ಅವ್ವಂಗೆ. ನಾಲಗಿ ಅಂಗುಳಕ್ಕೆ ಅಂಟಿಕೊಂಡೈತೆ."

ನಾನು ಅಡುಗೆಮನೆಗೆ ಹೋಗಿ ಹೇಳಿದೆ. "ಅವ್ವಾ, ಇಂಥ ಬಿಸಿಲಾಗೆ ನೀರಿಲ್ಲದಿದ್ರೆ ಜೀವಕ್ಕೇ ಅಪಾಯ. ಪುಸ್ತಕದಾಗೆ ಐತೆ."

ಅವ್ವ ಸೌಟು ಕೆಳಗಿಟ್ಟಳು. "ಬಾಣಂತಿಗೆ ನೀರು ಕೊಟ್ರೆ ನಂಜು ಏರ್ತೈತೆ. ನಾನು ಆರು ಹೆತ್ತೀನಿ. ನಿನ್ನ ಪುಸ್ತಕ ಎಷ್ಟು ಹೆತ್ತೈತೆ?"

ಡಾಕ್ಟರನ್ನು ಕರೆಯಲೇ ಎಂದೆ. ಗಂಡಸು ಡಾಕ್ಟರು ಬಾಣಂತಿ ಕೋಣೆಗೆ ಬಂದರೆ ತಾನು ಬಾವಿಗೆ ಬೀಳುತ್ತೇನೆ ಎಂದಳು.

ಸಂಜೆ ಅವ್ವ ಹಿತ್ತಲಿಗೆ ಹೋದಾಗ ಸಣ್ಣ ಗಿಂಡಿಯಲ್ಲಿ ನೀರು ತುಂಬಿ, ಕೋಣೆಯ ಕಿಟಕಿಯಿಂದ ಒಳಗೆ ಕೈ ಚಾಚಿದೆ. ಗಿರಿಜೆ ಕಸಿದುಕೊಂಡಂತೆ ತೆಗೆದುಕೊಂಡಳು. ಒಂದೇ ಉಸಿರಿಗೆ ಕುಡಿದದ್ದು ನನಗೆ ಕೇಳಿಸಿತು. "ಇನ್ನೊಂದು," ಎಂದಳು. ಅಷ್ಟರಲ್ಲಿ ಅವ್ವನ ಬಳೆ ಸದ್ದಾಯಿತು. ನಾನು ಸರಿದು ಹೋದೆ. ಇಪ್ಪತ್ತಾರು ವರ್ಷದ ಗಂಡಸು, ಕದ್ದ ಹುಡುಗನ ಹಾಗೆ ಓಡಿದೆ.

ಬುಧವಾರ ಬೆಳಗ್ಗೆ ಶಾಲೆಗೆ ಹೊರಟಾಗ ಮತ್ತೆ ಕರೆದಳು. ದನಿ ಬಹಳ ಸಣ್ಣಗಾಗಿತ್ತು. "ಅಣ್ಣಾ, ಬೆವರು ನಿಂತು ಹೋಗೈತೆ. ಮೈ ಒಣಗಿ ಸುಡ್ತೈತೆ. ನಿನಗೆ ಗೊತ್ತಲ್ಲ, ನೀನಾದ್ರೂ ಹೇಳು."

ನನಗೆ ಗೊತ್ತಿತ್ತು. ಬೆವರಲು ನೀರು ಉಳಿಯದೆ ಮೈ ತನ್ನ ಕೊನೆಯ ಉಪಾಯವನ್ನೂ ಕಳೆದುಕೊಂಡಿತ್ತು. ಅವ್ವನಿಗೆ ಹೇಳಿದೆ. ಅವಳ ಮುಖ ಅರಳಿತು. "ಬೆವರು ನಿಂತ್ರೆ ಒಳ್ಳೇದೇ. ಮೈ ಗಟ್ಟಿ ಆಗಾಕೆ ಹತ್ತೈತೆ."

ಆ ಬಾಗಿಲಿಗೆ ಒಳಗಿನಿಂದ ಚಿಲಕವೂ ಇರಲಿಲ್ಲ. ತಳ್ಳಿದ್ದರೆ ತೆರೆಯುತ್ತಿತ್ತು. ಕೆಂಡ ಹೊರಗೆ ಎಸೆದು, ಕಂಬಳಿ ಕಿತ್ತು, ಮೈಮೇಲೆ ಒಂದು ಕೊಡ ನೀರು ಸುರಿಯಬಹುದಿತ್ತು. ನಾನು ಕೊಡೆ ತೆಗೆದುಕೊಂಡು ಶಾಲೆಗೆ ಹೋದೆ.

ಮಧ್ಯಾಹ್ನ ಮರಳಿ ಬಂದಾಗ ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಗಿರಿಜೆ ಏನೇನೋ ಬಡಬಡಿಸುತ್ತಿದ್ದಳು. ನಾನು ಯಾರೆಂಬ ಗುರುತು ಅವಳಿಗೆ ಸಿಗಲಿಲ್ಲ. ಕೈ ಮುಟ್ಟಿದರೆ ಕಾದ ಹೆಂಚು. ಆಗ ನೀರು ತಂದು ಬಾಯಿಗೆ ಬಿಟ್ಟೆ, ಕಟಬಾಯಿಂದ ಹರಿದುಹೋಯಿತು. ಎರಡು ಸಲ ಸೆಟೆದುಕೊಂಡಳು. ಸಂಜೆಯೊಳಗೆ ಎಲ್ಲ ಮುಗಿಯಿತು. ಅವಳಿಗೆ ಹತ್ತೊಂಬತ್ತು ವರ್ಷ.

ಹಾಸಿಗೆ ಎತ್ತುವಾಗ ನಾಗಜ್ಜಿಗೆ ಗಿಂಡಿ ಸಿಕ್ಕಿತು. "ಯಾರು ಕೊಟ್ರು ನೀರು?" ಎಂದಳು. ನಾನೇ ಎಂದೆ. ಅವ್ವ ನನ್ನ ಎದೆಗೆ ಗುದ್ದಿದಳು. "ಕೊಂದ್ಯಲ್ಲೋ ನನ್ನ ಮಗಳನ್ನ! ನಂಜು ಏರಿಸಿ ಕೊಂದ್ಯಲ್ಲೋ!"

ಊರೆಲ್ಲ ಅದನ್ನೇ ನಂಬಿತು. ಕೆರೆಬಿಳಚಿಯಿಂದ ಬಂದ ಗಿರಿಜೆಯ ಗಂಡ ನನ್ನ ಮುಖ ನೋಡದೆ ಮಗುವನ್ನು ಎತ್ತಿಕೊಂಡು ಹೋದ. ನಾನು ಯಾರಿಗೂ ಎದುರಾಡಲಿಲ್ಲ. ನೀರು ಕೊಟ್ಟಿದ್ದರಿಂದಲ್ಲ, ಕೊಡದ್ದರಿಂದ ಸತ್ತಳು ಎಂದು ಹೇಳಿದರೆ ಆ ಸಾವು ಅವ್ವನ ತಲೆಗೆ ಬರುತ್ತಿತ್ತು. ಅವ್ವನಿಗಾಗಿ ಸುಮ್ಮನಿದ್ದೇನೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ.

ಅವ್ವ ಎಂಟು ವರ್ಷ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಹಾಸಿಗೆ ಹಿಡಿದಾಗ ಒಂದು ದಿನ ನನ್ನ ಕೈ ಹಿಡಿದುಕೊಂಡು ಅತ್ತಳು. "ಹೋಗ್ಲಿ ಬಿಡಪ್ಪ. ನೀನೂ ಪ್ರೀತಿಗೇ ಕೊಟ್ಟೆ. ನಿನಗೇನು ಗೊತ್ತಿತ್ತು ಪಾಪ."

ಎಲ್ಲಾ ಗೊತ್ತಿತ್ತವ್ವಾ ಎನ್ನಬೇಕಿತ್ತು. ನಾನು ತಲೆ ಆಡಿಸಿ ಅವಳ ಕ್ಷಮೆಯನ್ನು ತೆಗೆದುಕೊಂಡೆ. ಗೊತ್ತಿಲ್ಲದವರಿಗೆ ಕೊಡುವ ಕ್ಷಮೆ ಅದು. ನನಗೆ ಸೇರಬೇಕಾದದ್ದಲ್ಲ.