ಏಳನೇ ಪ್ರಶ್ನೆ

ಶಾಲಾ ಮಂಡಳಿಯ ಚುನಾವಣೆಗೆ ಕಾತ್ಯಾಯಿನಿ ನಿಂತಿದ್ದಾಳೆ ಎಂಬ ಸುದ್ದಿ ನೈರೋಬಿಯ ಹೈರಿಡ್ಜಿನ ಕನ್ನಡದ ಮನೆಗಳಿಗೆಲ್ಲ ಮುಟ್ಟಿದ ದಿನವೇ ಎದುರಾಳಿ ಸುನಿಲ್ ಫೋನ್ ಮಾಡಿದ. "ಅಕ್ಕಾ, ನಿಮ್ಮೆದುರು ನಾನು ನಿಲ್ಲೋದಾ? ನಾಳೆನೇ ಹೆಸರು ವಾಪಸ್ ತಗೋತೀನಿ. ನಿಮಗಾಗಿದ್ದು ಯಾವ ತಾಯಿಗೂ ಆಗ್ಬಾರ್ದು."

ಅವಳು ಥ್ಯಾಂಕ್ಸ್ ಎಂದಳು. ಇನ್ನೇನು ಹೇಳಿಯಾಳು? ಮಗನನ್ನು ಶಾಲೆಯ ಈಜುಕೊಳದಲ್ಲೇ ಕಳೆದುಕೊಂಡ ತಾಯಿ ಪೋಷಕರ ಪ್ರತಿನಿಧಿಯಾಗಲು ಹೊರಟರೆ ಬೇಡವೆನ್ನುವ ಎದೆ ಯಾರಿಗಿದೆ! ಕೊಳದ ಬಳಿ ಇಬ್ಬರು ಟೀಚರ್ ಇರಲೇಬೇಕು ಎಂಬುದೊಂದೇ ಅವಳ ಬೇಡಿಕೆ. ಗುಜರಾತಿ ತಾಯಂದಿರು, ಲ್ಯಾವಿಂಗ್ಟನ್ನಿನ ಕೀನ್ಯಾದ ಅಪ್ಪಂದಿರು, ಎಲ್ಲರೂ ಹೂಂ ಎಂದಿದ್ದರು. ಆದರೆ ಅವಳು ನಿಂತದ್ದು ಅದಕ್ಕಲ್ಲ. ಮಂಡಳಿಯ ಸದಸ್ಯರಾದರೆ ಆಫೀಸಿನ ಹಳೆಯ ಫೈಲುಗಳನ್ನು ತೆಗೆಸಿ ನೋಡಬಹುದು. ಆ ಫೈಲುಗಳಲ್ಲಿ ಅವಳ ಕೈಬರಹದ ಒಂದು ಹಾಳೆಯಿತ್ತು. ಅದನ್ನು ಹರಿದು ಬಿಸಾಡಬೇಕಿತ್ತು. ಇದು ಗಂಡನಿಗೂ ಗೊತ್ತಿರಲಿಲ್ಲ.

ಕಾಗದದ ಬೆಲೆ ಕಾತ್ಯಾಯಿನಿಗೆ ಯಾರೂ ಹೇಳಿಕೊಡಬೇಕಿಲ್ಲ. ಔಷಧ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷದಿಂದ ಗುಣಮಟ್ಟ ತಪಾಸಣೆಯ ಕೆಲಸ ಅವಳದು. ಒಂದೇ ಒಂದು ಸಹಿ ಬಿಟ್ಟುಹೋಗಿದ್ದರೂ ಇಡೀ ಬ್ಯಾಚಿನ ಮಾತ್ರೆಗಳನ್ನು ತಡೆದು ನಿಲ್ಲಿಸುವವಳು. "ಬರೆದಿಲ್ಲ ಅಂದ್ರೆ ನೀವು ಮಾಡಿಲ್ಲ, ಅಷ್ಟೇ," ಎಂದು ಮ್ಯಾನೇಜರನ ಮುಖಕ್ಕೇ ಹೇಳುವವಳು. ಅಂಥ ಹೆಂಗಸು ಮಗನ ಮೆಡಿಕಲ್ ಫಾರ್ಮಿನ ಏಳನೇ ಪ್ರಶ್ನೆಯ ಮುಂದೆ, ಮಗುವಿಗೆ ಎಂದಾದರೂ ಫಿಟ್ಸ್ ಬಂದದ್ದುಂಟೇ ಎಂಬಲ್ಲಿ, ಇಲ್ಲವೆಂದು ಬರೆದು ಸಹಿ ಹಾಕಿದ್ದಳು.

ಬಂದದ್ದುಂಟು. ಆರನೇ ವಯಸ್ಸಿನಲ್ಲಿ ಒಮ್ಮೆ, ಎಂಟರಲ್ಲಿ ಒಮ್ಮೆ, ಎರಡು ಸಲವೂ ರಜೆಗೆ ಬೆಂಗಳೂರಿಗೆ ಹೋಗಿದ್ದಾಗ. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಮನೆಯವರೆಲ್ಲ ಸೇರಿ ಆ ಕಾಯಿಲೆಯ ಹೆಸರೆತ್ತದೆ ‘ಅದು’ ಎಂದರು. ಅದು ಮತ್ತೆ ಬಂತಾ? ಇಲ್ಲ, ಅದು ಬಂದಿಲ್ಲ. ನಮ್ಮ ಜನವೇ ಹಾಗೆ. ಸಕ್ಕರೆ ಕಾಯಿಲೆಯನ್ನು ಮದುವೆಯೂಟದ ಪಂಕ್ತಿಯಲ್ಲಿ ಕೂತು ಜೋರಾಗಿ ಹೇಳಿಕೊಳ್ಳುತ್ತಾರೆ, ಫಿಟ್ಸನ್ನು ಮಾತ್ರ ಕಳ್ಳಮಾಲಿನ ಹಾಗೆ ಬಚ್ಚಿಡುತ್ತಾರೆ. "ಬರೆದ್ರೆ ಸೀಟು ಕೊಡಲ್ಲ ಕಣೇ. ಕೊಟ್ರೂ ಬೇರೆ ಮಕ್ಕಳು ಇವ್ನ ಪಕ್ಕ ಕೂರಲ್ಲ," ಎಂದಿದ್ದ ಅವಳ ಗಂಡ ಉಮಾಶಂಕರ. ಸ್ಟೀಲ್ ಕಾರ್ಖಾನೆಯ ಎಂಜಿನಿಯರು, ಕೆಟ್ಟವನೇನಲ್ಲ. ಅವಳಿಗೂ ಹಾಗೇ ಅನ್ನಿಸಿತ್ತು.

ಎರಡು ವರ್ಷದ ಹಿಂದೆ, ಒಂದು ಗುರುವಾರ, ಹನ್ನೊಂದು ವರ್ಷದ ನಂದನ್ ಸದ್ದಿಲ್ಲದೆ ನೀರಿನಲ್ಲಿ ಮುಳುಗಿದ. ಹದಿನಾರು ಮಕ್ಕಳನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದ ಈಜಿನ ಟೀಚರ್ ಜೆನಿಫರ್ ಹಾರಿ ಎತ್ತಿದಳು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗುವನ್ನು ಕೊಯ್ಯುವುದು ಬೇಡವೆಂದು ಉಮಾಶಂಕರ ಕಂಡಕಂಡವರಿಗೆಲ್ಲ ಕೈಮುಗಿದ. ಮುಳುಗಿ ಸಾವು ಎಂದಷ್ಟೇ ಬರೆದುಕೊಟ್ಟರು. ಜೆನಿಫರಳನ್ನು ಕೆಲಸದಿಂದ ತೆಗೆದರು. ಕಾತ್ಯಾಯಿನಿ ಬಾಯಿ ಬಿಡಲಿಲ್ಲ.

ಅಂದಿನಿಂದ ಅವಳನ್ನು ಒಂದು ವಾಸನೆ ಹಿಡಿದುಕೊಂಡಿತು. ಸಂಜೆ ಕೆಲಸದಿಂದ ಬಂದು ಬಾಗಿಲು ತೆಗೆದರೆ ಸಾಕು, ಒದ್ದೆ ಟವೆಲಿನ ವಾಸನೆ, ಕೊಳದ ಕ್ಲೋರಿನ್ನಿನ ವಾಸನೆ, ಈಗಷ್ಟೇ ಯಾರೋ ಈಜಿ ಬಂದು ಒಳಕೋಣೆಗೆ ಹೋದ ಹಾಗೆ. ಅವಳು ಒಳಗೆ ಹೋಗಿ ನೋಡುವಳು. ಪ್ರತಿದಿನವೂ ನೋಡುವಳು. "ದೇರ್ಸ್ ನೋ ಸ್ಮೆಲ್, ಅಮ್ಮಾ," ಎನ್ನುವಳು ಮಗಳು ಅಮೂಲ್ಯಾ, ಪುಸ್ತಕದಿಂದ ತಲೆಯೆತ್ತದೆ. ಕಪಾಟಿನಲ್ಲಿ ನಂದನ್‌ನ ಈಜಿನ ಚೀಲ ಹಾಗೇ ಇತ್ತು. ಅದರೊಳಗಿನ ಟವೆಲು ಅಂದು ಅವಳು ಮಡಿಸಿಟ್ಟ ಹಾಗೇ ಇತ್ತು, ಒಣಗಿಯೇ ಇತ್ತು. ಮೈ ಒರೆಸಿಕೊಳ್ಳಲು ಅವನು ಅದನ್ನು ತೆಗೆಯಲೇ ಇಲ್ಲವಲ್ಲ.

ಇಲ್ಲಿ ತಾಯಿಯನ್ನು ಚೊಚ್ಚಲ ಮಗುವಿನ ಹೆಸರು ಹಿಡಿದು ಕರೆಯುವುದು ರೂಢಿ. ಮನೆಗೆಲಸದ ಗ್ಲೋರಿಯಾ ಮೊದಲು ‘ಮಾಮಾ ನಂದನ್’ ಎನ್ನುತ್ತಿದ್ದವಳು, ಅವನು ಹೋದ ಮೇಲೆ, ಪಾಪ, ತಾನಾಗಿಯೇ ‘ಮಾಮಾ ಅಮೂಲ್ಯಾ’ ಎಂದು ಬದಲಿಸಿಕೊಂಡಿದ್ದಳು. ಆ ಹೆಸರು ಮತ್ತೆ ಕಿವಿಗೆ ಬಿದ್ದದ್ದು ಚುನಾವಣೆಯ ಸಭೆಗೆ ನಾಲ್ಕು ದಿನವಿದ್ದಾಗ, ಸೂಪರ್‌ಮಾರ್ಕೆಟ್ಟಿನ ಕೌಂಟರಿನಲ್ಲಿ.

"ಮಾಮಾ ನಂದನ್!"

ತಿರುಗಿ ನೋಡಿದಳು. ಸಾಮಾನನ್ನು ಚೀಲಕ್ಕೆ ತುಂಬಿಕೊಡುತ್ತಿದ್ದವಳು ಜೆನಿಫರ್. ತುಂಬಾ ಸೊರಗಿದ್ದಳು. "ಪೋಲೆ, ಮಾಮಾ ನಂದನ್," ಎಂದು ಮೊದಲು ಸಂತಾಪ ಹೇಳಿದಳು. ಆಮೇಲೆ ಇಂಗ್ಲಿಷಿನಲ್ಲಿ, ತಡೆತಡೆದು, ಕೇಳಿಯೇಬಿಟ್ಟಳು. "ದೇವರಾಣೆ, ನಾನು ಕೊಳಕ್ಕೆ ಬೆನ್ನು ಹಾಕಿರಲಿಲ್ಲ. ಅವನು ಕೂಗಲಿಲ್ಲ, ಕೈ ಬಡಿಯಲಿಲ್ಲ. ಎರಡು ವರ್ಷದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಕೂಗಿದ್ದು ನನಗೇ ಕೇಳಿಸಲಿಲ್ಲವಾ? ಅವನು ಯಾಕೆ ಕೂಗಲಿಲ್ಲ?"

ಉತ್ತರ ಗೊತ್ತಿದ್ದವಳು ಇಡೀ ನೈರೋಬಿಯಲ್ಲಿ ಅವಳ ಎದುರಿಗೇ ನಿಂತಿದ್ದಳು. "ಗೊತ್ತಿಲ್ಲ," ಎಂದಳು ಕಾತ್ಯಾಯಿನಿ. ಛೀ! ಅದೇ ಸುಳ್ಳು, ಎರಡನೇ ಸಲ. ಸಾಮಾನು ಬಿಟ್ಟು ಹೊರಟೇಬಿಟ್ಟಳು. ಜೆನಿಫರ್ ಚೀಲ ಹಿಡಿದು ಕಾರಿನವರೆಗೂ ಓಡಿಬಂದು ಕೊಟ್ಟು, "ಅಸಾಂಟೆ," ಎಂದು ತಾನೇ ಕೃತಜ್ಞತೆ ಹೇಳಿ ಹೋದಳು.

ಅಂದು ಗಂಡನಿಗೆ ಎಲ್ಲ ಹೇಳಿದಳು, ಹರಿಯಬೇಕೆಂದಿದ್ದ ಹಾಳೆಯ ವಿಷಯವನ್ನೂ. ಉಮಾಶಂಕರ ಎದ್ದು ಕೋಣೆಯ ಬಾಗಿಲು ಹಾಕಿದ. "ಈಗ ಹೇಳಿ ಏನು ಬಂತು? ನಂದನ್ ವಾಪಸ್ ಬರ್ತಾನಾ?"

"ಅವ್ನು ಹೋಗೇ ಇಲ್ವಲ್ಲ ರೀ," ಎಂದಳು.

ಶನಿವಾರ ಬೆಳಿಗ್ಗೆ ಶಾಲೆಯ ಹಾಲ್ ತುಂಬಿತ್ತು. ಅವಿರೋಧ ಆಯ್ಕೆಯಾದರೂ ಅಭ್ಯರ್ಥಿ ಮೂರು ನಿಮಿಷ ಮಾತಾಡಬೇಕು, ಆಮೇಲೆ ಸಭೆ ಕೈ ಎತ್ತಬೇಕು, ಅದು ನಿಯಮ. ಅಧ್ಯಕ್ಷೆ ಹೆಲನ್ ಹೆಸರು ಕರೆದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೈಕಿನ ಮುಂದೆ ಅದೇ ವಾಸನೆ ಬಂತು, ಹತ್ತಿರದಿಂದ, ಪಕ್ಕದಲ್ಲೇ ಯಾರೋ ನಿಂತ ಹಾಗೆ.

"ನಾನು ಮಾಮಾ ನಂದನ್," ಎಂದಳು. "ನನ್ನ ಮಗನಿಗೆ ಫಿಟ್ಸ್ ಬರುತ್ತಿತ್ತು."

ಆ ಪದವನ್ನು ಅವಳು ಹೊರಗಿನವರೆದುರು ಆಡಿದ್ದು ಅದೇ ಮೊದಲು. ಫಾರ್ಮಿನಲ್ಲಿ ಇಲ್ಲವೆಂದು ಬರೆದವಳು ತಾನು ಎಂದಳು. ಫಿಟ್ಸ್ ಬಂದ ಮಗು ಕೂಗಲಾರದು, ಕೈ ಬಡಿಯಲಾರದು ಎಂದಳು. ತಾನು ಮೊದಲೇ ತಿಳಿಸಿದ್ದರೆ ಜೆನಿಫರ್ ಅವನನ್ನು ಪಕ್ಕದಲ್ಲಿ ದೊಡ್ಡವರಿಲ್ಲದೆ ನೀರಿಗೆ ಬಿಡುತ್ತಿರಲಿಲ್ಲ, ತಪ್ಪು ಅವಳದಲ್ಲ, ತನ್ನದು ಎಂದಳು. ಮುಂದಿನ ಸಾಲಿನ ಸುನಿಲ್ ತಲೆ ತಗ್ಗಿಸಿದ. ಯಾವ ಕೈಯೂ ಏಳಲಿಲ್ಲ.

ಹೆಲನ್ ಮೆಲ್ಲನೆ ಅವಳ ತೋಳು ಹಿಡಿದಳು. "ಬನ್ನಿ, ಕೂತುಕೊಳ್ಳಿ. ಇದನ್ನು ನಮ್ಮೊಳಗೇ ಇಟ್ಟುಕೊಳ್ಳೋಣ." ನಡಾವಳಿ ಬರೆಯುತ್ತಿದ್ದ ಕಾರ್ಯದರ್ಶಿ ಕರುಣೆಯಿಂದಲೇ ಪೆನ್ನು ಕೆಳಗಿಟ್ಟಿದ್ದ.

"ಪೆನ್ನು ತಗೊಳ್ಳಿ," ಎಂದಳು ಕಾತ್ಯಾಯಿನಿ. ಅದು ಕಾರ್ಖಾನೆಯಲ್ಲಿ ಎಲ್ಲರೂ ಹೆದರುವ ದನಿ. "ಬರೆದಿಲ್ಲ ಅಂದರೆ ನಾನು ಹೇಳಿಲ್ಲ."

ಅವನು ಬರೆದ. ಅವಳು ಮೇಜಿನ ಪಕ್ಕದಲ್ಲಿ ನಿಂತೇ ಓದಿದಳು. ‘ಬಹುಶಃ’ ಎಂದು ಅವನು ಸೇರಿಸಿದ್ದ ಪದವನ್ನು ಹೊಡೆದುಹಾಕಿಸಿ, ಕೆಳಗೆ ತಾರೀಖು ಹಾಕಿ, ಸಹಿ ಮಾಡಿದಳು. ಆಮೇಲೆ ಕೈ ಚಾಚಿದಳು.

"ಇದರದೊಂದು ಕಾಪಿ ಕೊಡಿ. ಜೆನಿಫರ್ ನನ್ನನ್ನು ಒಂದು ಪ್ರಶ್ನೆ ಕೇಳಿದ್ದಾಳೆ."