ಅಳಿಸಿ ಹಾಲೂಡಿಸುವ ಜಲಜಕ್ಕ

ಬೆಳಕು ಹರಿಯುವ ಹೊತ್ತು. ಬಸ್ರೂರಿನ ಆಚೆಗಿರುವ ಗೇರುಬೀಜದ ಫ್ಯಾಕ್ಟರಿಯಲ್ಲಿ ಮೊದಲು ಬಾಗಿಲು ತೆರೆಯುವುದು ತೊಟ್ಟಿಲ ಕೋಣೆ. ಆಯಾ ಜಲಜ ನೆಲ ಒರೆಸಿ, ಹಳೆಯ ಸೀರೆಗಳಿಂದ ಎಂಟು ಜೋಲಿ ಕಟ್ಟುತ್ತಾರೆ. ಬಸ್ಸಿಳಿದ ಹೆಂಗಸರು ಮಕ್ಕಳನ್ನು ಅವರ ಕೈಗಿಟ್ಟು, ತಿರುಗಿಯೂ ನೋಡದೆ ಬೀಜ ಒಡೆಯಲು ಓಡುತ್ತಾರೆ. ನೋಡಿದರೆ ಕಾಲು ಮುಂದೆ ಹೋಗುವುದಿಲ್ಲ. ನಾನು ಇಲ್ಲಿ ಬರೆದಿರುವ ಯಾರ ಹೆಸರೂ ನಿಜವಾದದ್ದಲ್ಲ. ನಿಜ ಹೆಸರು ಬರೆದರೆ ಅವರ ಕೆಲಸ ಹೋಗುತ್ತದೆ.

ಬೀಜದ ಸಿಪ್ಪೆಯ ಸೊನೆಗೆ ಕೈಯೆಲ್ಲ ಕಪ್ಪಾಗಿರುತ್ತದೆ. ನೀರಿಗೆ ಅದು ಬಿಡದು, ಎಳೆ ಚರ್ಮಕ್ಕೆ ತಾಗಿದರೆ ಸುಡುತ್ತದೆ. ಹಾಗಾಗಿ ಹಾಲು ಕುಡಿಸಲು ಬಂದ ತಾಯಿ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟು ಕೂರುತ್ತಾಳೆ. ರವಿಕೆ ಬಿಚ್ಚುವುದು, ಮಗುವನ್ನು ಎದೆಗೆ ಹಿಡಿಯುವುದು, ತೇಗು ಬರಿಸುವುದು ಎಲ್ಲವೂ ಜಲಜ. ಹೆತ್ತವಳಿಗೆ ಮಗುವನ್ನು ಮುಟ್ಟುವ ಭಾಗ್ಯ ಸಂಜೆ, ಎಣ್ಣೆ ಹಾಕಿ ಕೈ ತಿಕ್ಕಿದ ಮೇಲೆ.

ಮಗು ಅತ್ತರೆ, ಇಲ್ಲಿನವರ ಮಾತಿನಲ್ಲಿ ಮರ್ಕಿದರೆ, ಮಾತ್ರ ತಾಯಿಯನ್ನು ಹಾಲೂಡಿಸಲು ಬಿಡುವುದು ಇಲ್ಲಿನ ಕಟ್ಟಳೆ. "ಮರ್ಕದ್ ಮಗುಗೆ ಹಸಿವೇ ಇಲ್ಲೆ ಅಂದೇಳಿ ಇವ್ರ ಲೆಕ್ಕ. ಎದೆ ತುಂಬಿದ್ದ್ ಹಾಂಗೇ ಬಿಟ್ರೆ ಹಾಲ್ ಬತ್ತಿ ಹೋತ್ತ್ ಮಾರಾಯ್ರೆ. ಕುಡಿಸ್ದಷ್ಟೇ ಬಪ್ಪುದ್" ಎನ್ನುತ್ತಾರೆ ಜಲಜ. ಮೊದಮೊದಲು ಅವರು ಸುಳ್ಳು ಹೇಳಿ ಕರೆಯುತ್ತಿದ್ದರು. ಒಂದು ದಿನ ಸೂಪರ್‌ವೈಸರ್ ಬಂದು ಇಣುಕಿದ, ಮಗು ನಿದ್ದೆಯಲ್ಲಿತ್ತು. ಅಂದಿನಿಂದ ಅಳು ಅವನ ಕಿವಿಗೂ ಕೇಳಬೇಕು.

ಈಗ ಜಲಜರ ಜೀವ ಹಿಂಡುತ್ತಿರುವುದು ಸುಗಂಧಿ ಎಂಬವಳ ಎರಡು ತಿಂಗಳ ಹೆಣ್ಣುಮಗು. ಬಲು ಸಾಧು, ಹಸಿದರೂ ಬೆರಳು ಚೀಪಿ ಮಲಗುತ್ತದೆ. ಸುಗಂಧಿಗೆ ಹಾಲು ಕಡಿಮೆಯಾಗುತ್ತಿದೆ. ನನ್ನ ಕಣ್ಣೆದುರೇ ಜಲಜ ಜೋಲಿಗೆ ಬಾಗಿ, ಮಲಗಿದ ಮಗುವಿನ ಅಂಗಾಲನ್ನು ಚಿವುಟುತ್ತಾರೆ. ಸೂರು ಕಿತ್ತುಹೋಗುವಂತೆ ಅಳು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವವರು ಎಂದು ನಾವು ಯಾರ್ಯಾರನ್ನೋ ಬೈಯುತ್ತೇವೆ. ನನಗೂ ಸಿಟ್ಟು ಬರುತ್ತದೆ, ಈಕೆಯ ಮೇಲಲ್ಲ.

"ಹ್ವಾಯ್, ಸುಗಂಧೀನ ಕಳ್ಸಿ, ಮಗು ಮರ್ಕತಿತ್ತ್!"

ಸುಗಂಧಿ ಓಡಿ ಬಂದು ಕೈ ಹಿಂದಿಟ್ಟು ಕೂರುತ್ತಾಳೆ. "ಕುಡಿತಿತ್ತಾ ಜಲಜಕ್ಕ? ಹಾಲ್ ಸಿಕ್ತಿತ್ತಾ?"

"ಸಿಕ್ತಾ ಇತ್ತ್. ನೀ ಸುಮ್ನೆ ಕೂಕೋ ಮಾರಾಯ್ತಿ."

ಜಲಜರೂ ಒಂದು ಕಾಲಕ್ಕೆ ಬೀಜ ಒಡೆದವರು. ತೊಂಬತ್ತೇಳರಲ್ಲಿ ಅವರ ಗಂಡುಮಗು ಮಲಗುತ್ತಿದ್ದದ್ದು ಇದೇ ಕೋಣೆಯಲ್ಲಿ. "ಎಂಥಾ ಒಳ್ಳೆ ಮಗು, ಮರ್ಕುದೇ ಇಲ್ಲೆ ಅಂದೇಳಿ ಎಲ್ರೂ ಹೊಗ್ಳುದೇ. ನಂಗೂ ಖುಷಿ. ಯಾರೂ ಕರೀಲಿಲ್ಲ, ನಾನೂ ಬರ್ಲಿಲ್ಲ. ಮೂರ್ ತಿಂಗ್ಳಿಗೆ ಹಾಲ್ ನಿಂತೇ ಹೋಯ್ತ್. ಬಾಟ್ಲಿ ಹಾಲ್ ಕೊಟ್ಟದ್, ಭೇದಿ ಹಿಡೀತ್..." ಮಗು ಉಳಿಯಲಿಲ್ಲ ಎಂದು ಸುಗಂಧಿ ಮೆಲ್ಲಗೆ ಹೇಳುತ್ತಾಳೆ. ಆ ವರ್ಷವೇ ಜಲಜ ಆಯಾ ಕೆಲಸವನ್ನು ಕೇಳಿ ಪಡೆದರು.

ಹಾಲು ಕುಡಿದ ಮಗು ಮತ್ತೆ ಮಲಗಿದೆ. ಕೆಂಪಾದ ಅಂಗಾಲನ್ನು ಜಲಜ ಅಂಗೈಯಲ್ಲಿ ಸವರುತ್ತಿದ್ದಾರೆ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಎಂತ ಆಸೆ? ಸ್ವಲ್ಪ ದೊಡ್ದಾದ್ ಮಕ್ಳ್ ನನ್ನ ಕಂಡ್ರೆ ಕಾಲ್ ಮಡ್ಚ್ಕಂತೊ. ಒಂದ್ ಮಗೂನಾದ್ರೂ ನಗಾಡ್ಸಿ ತಾಯಿ ಹತ್ರ ಕೊಡ್ಕ್ ಅಂದೇಳಿ ಆಸೆ, ಅಷ್ಟೇ."